ಬಾರ್ಬೆಗಾಲ್ ನೀರ್ಗಿರಣಿ, ಫೊಂವಿಯೆಯ್ (ಫ್ರಾನ್ಸ್): 16 ಗಾಲಿ ಹೇಗೆ ಓಡುತ್ತಿತ್ತು, ಹೋದರೆ ಏನು ನೋಡಬೇಕು?

ಹಳೇದಾರಿ

ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದಿಂದ ಸುಮಾರು 10 ಕಿ.ಮೀ. ದೂರದಲ್ಲಿ ಫೊಂವಿಯೆಯ್ ಅನ್ನೋ ಹಳ್ಳಿ ಇದೆ. ಆಲ್ಪೀಯ್ ಬೆಟ್ಟಸಾಲಿನ ಬುಡ, ಆಲಿವ್ ತೋಟ, ಕಲ್ಲುಗಣಿ. ಹಳ್ಳಿಯ ದಕ್ಷಿಣಕ್ಕೆ ಬಾರ್ಬೆಗಾಲ್ ಎಂಬಲ್ಲಿ ರೋಮನ್ನರ ಕಾಲದ ಹಿಟ್ಟಿನ ಗಿರಣಿಯ ಅವಶೇಷ. 16 ನೀರ್ಗಾಲಿಗಳು ಒಂದೇ ಇಳಿಜಾರಿನಲ್ಲಿ! ಆದರೆ ಈಗ ಉಳಿದಿರೋದು ಮೊಣಕಾಲೆತ್ತರದಿಂದ ಆಳೆತ್ತರದವರೆಗಿನ ಗೋಡೆಗಳು ಮಾತ್ರ. ಗೊತ್ತಿಲ್ಲದೆ ಹೋದವರಿಗೆ ಕಲ್ಲುರಾಶಿ ಕಂಡಂತೆ ಆಗುತ್ತೆ. ಕೇಳಬೇಕಾದ್ದು ಮೂರು:

ನೀರು ಎಲ್ಲಿಂದ ಬಂದು ಹೇಗೆ ಹಂಚಿಕೆ ಆಗ್ತಿತ್ತು? ದಿನಕ್ಕೆ 28 ಟನ್ ಹಿಟ್ಟು ಅಂತ ಕೆಲವೆಡೆ, 4.5 ಟನ್ ಅಂತ ಇನ್ನು ಕೆಲವೆಡೆ ಬರೆದಿರ್ತಾರೆ, ಯಾವುದು ಸರಿ? ಆರ್ಲ್‌ನಿಂದ ಅರ್ಧ ದಿನದಲ್ಲಿ ನೋಡಿ ಬರಬಹುದಾ?

ನೀರುಗಂಟಿ

ಮೊದಲನೇ ಪ್ರಶ್ನೆಗೆ ಉತ್ತರ. ಮೇಲಿನಿಂದ ಕೆಳಗೆ ನೀರಿನ ದಾರಿಯಲ್ಲೇ ನಡೆದು ನೋಡಿದರೆ ಸ್ಥಳ ತಾನಾಗಿ ಅರ್ಥವಾಗುತ್ತದೆ. ಕೆಳಗಿನಿಂದ ಹತ್ತಿದರೆ ಗೊಂದಲವೇ ಹೆಚ್ಚು.

ಆಲ್ಪೀಯ್ ಬೆಟ್ಟದ ಎರಡೂ ಮಗ್ಗುಲಿನ ಬುಗ್ಗೆಗಳಿಂದ ಎರಡು ಮೇಲ್ಗಾಲುವೆಗಳು ಬರುತ್ತಿದ್ದವು. ಎಗಾಲಿಯೇರ್ ಕಡೆಯದು ಬೆಟ್ಟದ ಉತ್ತರದ ಮಗ್ಗುಲು ಹಿಡಿದು ಬಂದದ್ದು. ಇನ್ನೊಂದು ಪಾರಾದು ಕಡೆಯಿಂದ, ದಕ್ಷಿಣದ ಮಗ್ಗುಲಿನದು. ಫೊಂವಿಯೆಯ್‌ನ ದಕ್ಷಿಣಕ್ಕೆ ಒಂದು ತಗ್ಗು ಇದೆ, ಫ್ರೆಂಚಿನಲ್ಲಿ ‘ವಾಲೋಂ ದೆಜ್ ಆರ್ಕ್’, ಅಂದರೆ ಕಮಾನುಗಳ ಕಣಿವೆ. ಅಲ್ಲಿ ಎರಡೂ ಕಾಲುವೆಗಳು ಅಕ್ಕಪಕ್ಕದ ಕಮಾನು ಸಾಲುಗಳ ಮೇಲೆ ಜೊತೆಯಾಗಿ ಸಾಗುತ್ತವೆ. ಆಲಿವ್ ಮರಗಳ ನಡುವೆ ಈಗಲೂ ಎದ್ದು ಕಾಣುವ ಕಂಬಗಳು ಇವೇ. ಎರಡು ಸಾಲುಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ದಕ್ಷಿಣಕ್ಕೆ ಮುಖ ಮಾಡಿ ನಡೆದರೆ ಎದುರಿಗೆ ಬಂಡೆಯ ದಿಣ್ಣೆ ಅಡ್ಡ ಬರುತ್ತದೆ. ಅಲ್ಲಿ ಒಂದು ಕಾಲುವೆ ಬಲಕ್ಕೆ ತಿರುಗಿ ಆರ್ಲ್ ಪಟ್ಟಣದ ದಾರಿ ಹಿಡಿಯುತ್ತದೆ. ಇನ್ನೊಂದು ನೇರವಾಗಿ ಬಂಡೆಯನ್ನೇ ಸೀಳಿದ ಸಂದಿಯೊಳಗೆ ನುಗ್ಗುತ್ತದೆ. ಸಂದಿಯ ಆಚೆ ಬದಿಗೆ ಬಂದ ಕೂಡಲೇ ಕಾಲ ಕೆಳಗೆ ಕಡಿದಾದ ಇಳಿಜಾರು, ಸುಮಾರು 30 ಡಿಗ್ರಿ. ಅದರಾಚೆ ವಿಶಾಲವಾದ ಬಯಲು. ಗಿರಣಿ ಇರುವುದು ಈ ಇಳಿಜಾರಿನಲ್ಲಿ.

ದಿಣ್ಣೆಯ ತುದಿಯಲ್ಲಿ ತ್ರಿಕೋನಾಕಾರದ ತೊಟ್ಟಿಯೊಂದಿತ್ತು. ಅಲ್ಲಿ ನೀರು ಎರಡು ಪಾಲಾಗಿ ಎಡಕ್ಕೊಂದು ಬಲಕ್ಕೊಂದು ಸಾಲಿಗೆ ಇಳಿಯುತ್ತಿತ್ತು. ಪ್ರತಿ ಸಾಲಿನಲ್ಲಿ ಎಂಟು ಗಾಲಿ, ನಡುವೆ ಮೆಟ್ಟಿಲು ದಾರಿ, ಗಾಲಿಗಳ ಪಕ್ಕದಲ್ಲಿ ಬೀಸುವ ಕೋಣೆಗಳು. ಒಂದನೇ ಗಾಲಿಯನ್ನು ತಿರುಗಿಸಿದ ನೀರು ಅದರ ಗುಂಡಿಗೆ ಬಿದ್ದು, ಅಲ್ಲಿಂದ ಮರದ ದಂಬೆಯಲ್ಲಿ ಹರಿದು ಎರಡನೇ ಗಾಲಿಯ ನೆತ್ತಿಗೆ, ಹೀಗೆ ಎಂಟರವರೆಗೆ. ಒಟ್ಟು ಇಳಿತ 18ರಿಂದ 20 ಮೀಟರ್, ಎಂಟರಿಂದ ಭಾಗಿಸಿದರೆ ಒಂದೊಂದು ಗಾಲಿಗೆ 2.3ರಿಂದ 2.5 ಮೀಟರ್.

ಇಷ್ಟು ದೂರ ಬಂದು ಇಲ್ಲೇ ಯಾಕೆ ಕಟ್ಟಿದರು ಎಂಬುದಕ್ಕೂ ಉತ್ತರ ಈ ಇಳಿಜಾರೇ. ಆರ್ಲ್ ಇರುವುದು ರೋನ್ ನದಿಯ ಬಯಲಿನಲ್ಲಿ. ಅಲ್ಲಿಗೆ ಹೋಗುವ ಕಾಲುವೆ ಇಡೀ ದಾರಿ ಸ್ವಲ್ಪ ಸ್ವಲ್ಪವಾಗಿ ಎತ್ತರ ಕಳೆದುಕೊಳ್ಳುತ್ತದೆ, ಪಟ್ಟಣ ಮುಟ್ಟುವಾಗ 20 ಮೀಟರ್ ಒಟ್ಟಿಗೆ ಬೀಳಿಸುವಷ್ಟು ಮಿಕ್ಕಿರುವುದಿಲ್ಲ. ಬಾರ್ಬೆಗಾಲ್‌ನಲ್ಲಿ ಕೆಲವೇ ಹತ್ತು ಮೀಟರುಗಳ ಅಂತರದಲ್ಲಿ ಆ ಎತ್ತರವೆಲ್ಲ ಕೈಗೆ ಸಿಗುತ್ತದೆ.

ಉಳಿಸುತ್ತಿಗೆ

> ಒಂದನೇ ಗಾಲಿಯನ್ನು ತಿರುಗಿಸಿದ ನೀರು... ಹೀಗೆ ಎಂಟರವರೆಗೆ

ಹಾಗಾದ್ರೆ ನಾಲ್ಕನೇ ಗಾಲಿ ಕೆಟ್ಟು ನಿಂತ್ರೆ ಐದರಿಂದ ಎಂಟರವರೆಗೂ ನಿಲ್ಲಬೇಕಲ್ವಾ?

ನೀರುಗಂಟಿ

ಗಾಲಿ ನಿಂತರೆ ನೀರು ನಿಲ್ಲುವುದಿಲ್ಲ. ನಿಂತ ಗಾಲಿಯ ಮೇಲೂ ಅದು ಸುರಿದು ಗುಂಡಿಗೆ ಬೀಳುತ್ತದೆ, ಕೆಳಗಿನವು ತಿರುಗುತ್ತಲೇ ಇರಬಹುದು. ತೊಂದರೆ ಬರುವುದು ರಿಪೇರಿಗೆ ಗುಂಡಿಯೊಳಗೆ ಆಳು ಇಳಿಯಬೇಕಾದಾಗ. ಆಗ ಆ ಸಾಲಿಗೇ ಮೇಲಿನಿಂದ ತೂಬು ಹಾಕಬೇಕು, ಇಲ್ಲವೇ ಆ ಒಂದು ಗುಂಡಿಯನ್ನು ಬಳಸಿ ಹೋಗುವಂತೆ ಪಕ್ಕದಲ್ಲಿ ದಂಬೆ ಕೊಡಬೇಕು. 16 ಗಾಲಿಗಳನ್ನು ಒಂದೇ ಸಾಲಾಗಿ ಪೋಣಿಸದೆ ಎಂಟೆಂಟರ ಎರಡು ಸಾಲು ಮಾಡಿದ್ದರ ಲಾಭ ಇಲ್ಲೇ ಇದೆ: ಒಂದು ಸಾಲು ಒಣಗಿಸಿ ಕೆಲಸ ಮಾಡುವಾಗ ಇನ್ನೊಂದು ಬೀಸುತ್ತಿರುತ್ತದೆ.

ಬೀಸುಕಲ್ಲು

ಎರಡನೇ ಪ್ರಶ್ನೆ ನನಗ ಬಿಡ್ರಿ. 28 ಟನ್ ಅನ್ನೂದು 1940ರ ದಶಕದ ಲೆಕ್ಕ. ಹಿಂದಿನಿಂದ ಭಾಗಿಸಿ ನೋಡ್ರಿ: 28,000 ಕೆ.ಜಿ.ಯನ್ನ 16 ಕಲ್ಲಿಗೆ, 24 ತಾಸಿಗೆ ಹಂಚಿದ್ರ ಒಂದು ಕಲ್ಲಿಗೆ ತಾಸಿಗೆ 73 ಕೆ.ಜಿ. ಅದೂ ಒಂದು ನಿಮಿಷ ನಿಲ್ಲದಂಗ, ಹಗಲೂ ರಾತ್ರಿ. ಅಷ್ಟು ಬೀಸೂ ಶಕ್ತಿ ಆ ನೀರಿನಾಗ ಇತ್ತೇನು ಅನ್ನೂದ ಪ್ರಶ್ನೆ.

ಶಕ್ತಿ ಲೆಕ್ಕ ಸರಳ ಐತಿ. ಕಾಲುವಿಯೊಳಗ ಸೆಕೆಂಡಿಗೆ 300 ಲೀಟರ್ ಅಂತ ಹಿಡೀರಿ, ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯೂ ಅಂಕಿ ಅದು. ಎರಡು ಸಾಲಿಗೆ ಹಂಚಿದ್ರ ತಲಾ 150 ಲೀಟರ್. ಬೀಳೂ ಎತ್ತರ 2.3 ಮೀಟರ್. 150 × 9.81 × 2.3, ಅಂದ್ರ ಸುಮಾರು 3,400 ವ್ಯಾಟ್. ಮ್ಯಾಲಿಂದ ನೀರು ಬೀಳೂ ಮರದ ಗಾಲಿಯೊಳಗ ಅದರ 60% ಸಿಕ್ಕರ 2,000 ವ್ಯಾಟ್. ಹಲ್ಲುಗಾಲಿ, ಅಚ್ಚಿನ ತಿಕ್ಕಾಟ ಕಳೆದ್ರ ಕಲ್ಲಿಗೆ ಮುಟ್ಟೂದು 1,500 ವ್ಯಾಟ್, ಅಂದ್ರ 2 ಎಚ್‌ಪಿ.

2 ಎಚ್‌ಪಿಗೆ ತಾಸಿಗೆ 24 ಕೆ.ಜಿ. ಗೋಧಿ ಒಪ್ಪೂ ಮಾತು. 24 × 16 ಕಲ್ಲು × 12 ತಾಸು = 4,608 ಕೆ.ಜಿ. ಅದs ನಿಮ್ಮ 4.5 ಟನ್. ಅದರೊಳಗ 12 ತಾಸಿನ ಓಟ ಅಂತ ಹಿಡಿದದ್ದು ಯಾಕಂದ್ರ ಕಲ್ಲು ಕಚ್ಚು ಹೊಡಿಯೂದು, ಗಾಲಿ ರಿಪೇರಿ, ಧಾನ್ಯ ಸಾಗಿಸೂದು ಎಲ್ಲಾ ನಡುವ ಬರ್ತಾವು. 12,500 ಮಂದಿಗೆ ಸಾಕು ಅಂತ ಬರೀತಾರಲ್ಲ, ಅದು ತಲಿಗೆ 360 ಗ್ರಾಂ ಹಿಡಿದ ಲೆಕ್ಕ.

ಇನ್ನೊಂದು ಮಾತು. ಗಾಲಿಯ ವ್ಯಾಸ 2.2 ಮೀಟರ್ ಅಂತ ಹಿಡಿದ್ರ ಅದು ನಿಮಿಷಕ್ಕ ಹತ್ತು ಸುತ್ತಿನ ಆಸುಪಾಸು ತಿರುಗತದ. ಅದಕ್ಕಿಂತ ಜೋರು ಬಿಟ್ರ ನೀರು ತೊಟ್ಟಿಗಳೊಳಗ ನಿಲ್ಲೂದಿಲ್ಲ, ಹೊರಗ ಚೆಲ್ತದ. ಬೀಸುಕಲ್ಲಿಗೆ ಹತ್ತು ಸುತ್ತು ಏನೂ ಸಾಲಂಗಿಲ್ಲ. ಹಂಗಾಗಿ ಅಡ್ಡ ಅಚ್ಚಿನ ಮ್ಯಾಲೆ ದೊಡ್ಡ ಹಲ್ಲುಗಾಲಿ, ನಿಂತ ಅಚ್ಚಿಗೆ ಸಣ್ಣ ಹಲ್ಲಿನ ಗೂಡು ಕೂಡಿಸಿ ವೇಗ ಮೂರು ನಾಲ್ಕು ಪಟ್ಟು ಏರಿಸಬೇಕು. ರೋಮನ್ ವಾಸ್ತುಕಾರ ವಿಟ್ರೂವಿಯಸ್ ತನ್ನ ಗ್ರಂಥದ ಹತ್ತನೇ ಭಾಗದಾಗ ಇಂಥಾ ಗಿರಣಿ ವಿವರಿಸ್ಯಾನ: ನಿಂತ ಗಾಲಿ, ಹಲ್ಲಿನ ಚಕ್ರ, ಮ್ಯಾಲೆ ಧಾನ್ಯ ಸುರಿಯೂ ಡಬ್ಬಿ. ಬಾರ್ಬೆಗಾಲ್‌ನಾಗ ಮರದ ಹಲ್ಲುಗಾಲಿ ಒಂದೂ ಉಳಿದಿಲ್ಲ, ಬಸಾಲ್ಟ್ ಬೀಸುಕಲ್ಲಿನ ಚೂರು ಮಾತ್ರ ಸಿಕ್ಕಾವು. ಆರ್ಲ್ ಸಂಗ್ರಹಾಲಯದಾಗ ಗಿರಣಿಯ ಮಾದರಿ ಇಟ್ಟಾರ, ನೋಡ್ರಿ. ಅದರೊಳಗಿನ ಗಾಲಿ ಹಲ್ಲು ಎಲ್ಲಾ ತರ್ಕದಿಂದ ಕೂಡಿಸಿದ್ದು ಅನ್ನೂದು ಮಾತ್ರ ನೆನಪಿರ್ಲಿ.

ಹಳೇದಾರಿ

ಬೀಸುಕಲ್ಲು ಅವರೇ, ಲೆಕ್ಕ ಸ್ಪಷ್ಟವಾಯ್ತು, ಥ್ಯಾಂಕ್ಸ್. ಇದು ಯಾವ ಕಾಲದ್ದು ಅನ್ನೋದರಲ್ಲೂ ಗೊಂದಲ ಇದೆ. ಹಳೇ ಪುಸ್ತಕಗಳು ನಾಲ್ಕನೇ ಶತಮಾನ ಅನ್ನುತ್ತವೆ, ಹೊಸ ಲೇಖನಗಳು ಎರಡನೇ ಶತಮಾನ.

ಪದರಶಿಲೆ

ಎರಡನೆಯದೇ ಸರಿ. 1937-39ರಲ್ಲಿ ಇಲ್ಲಿ ಉತ್ಖನನ ಮಾಡಿದ ಫೆರ್ನಾಂ ಬೆನ್ವಾ ಅವರು ಇದನ್ನು ರೋಮನ್ ಸಾಮ್ರಾಜ್ಯದ ಕೊನೆಗಾಲಕ್ಕೆ ಹಾಕಿದ್ದರು. 1990ರ ದಶಕದಲ್ಲಿ ಫಿಲಿಪ್ ಲೆವೋ ಅವರ ತಂಡ ಮತ್ತೆ ಅಗೆದು ನೋಡಿದಾಗ ಕಟ್ಟಿದ್ದು ಎರಡನೇ ಶತಮಾನದ ಆರಂಭದಲ್ಲಿ ಎಂದು ತೀರ್ಮಾನವಾಯಿತು. ಈ ಎರಡು ಶತಮಾನಗಳ ವ್ಯತ್ಯಾಸ ಸಣ್ಣದಲ್ಲ. ‘ರೋಮನ್ನರಿಗೆ ಗುಲಾಮರಿದ್ದರು, ಹಾಗಾಗಿ ಯಂತ್ರ ಬೇಕಿರಲಿಲ್ಲ, ಗುಲಾಮರು ಕಡಿಮೆಯಾದ ಮೇಲೆ ನೀರ್ಗಾಲಿ ಬಂತು’ ಎಂಬ ವಾದಕ್ಕೆ ನಾಲ್ಕನೇ ಶತಮಾನದ ಬಾರ್ಬೆಗಾಲ್ ಒಳ್ಳೆಯ ಸಾಕ್ಷಿಯಾಗಿತ್ತು. ಸಾಮ್ರಾಜ್ಯ ತುಂಬು ಬಲದಲ್ಲಿದ್ದಾಗಲೇ ಕಟ್ಟಿದ್ದು ಎಂದಾದ ಮೇಲೆ ಆ ವಾದ ನಿಲ್ಲುವುದಿಲ್ಲ. ಹಳೇ ಪುಸ್ತಕ ಓದುವಾಗ ಇಸವಿ ಮಾತ್ರವಲ್ಲ, ಆ ಇಸವಿಯ ಮೇಲೆ ಕಟ್ಟಿದ ಕಾರಣಗಳನ್ನೂ ಬದಿಗಿಡಬೇಕು.

ಈಗ ಈ ಸ್ಥಳದ ಅತ್ಯಂತ ಸ್ವಾರಸ್ಯದ ಸಾಕ್ಷಿಗೆ ಬರೋಣ. ಗಾಲಿಗಳು ಮರದವು, ಕೊಳೆತುಹೋದವು. ಆದರೆ ಆ ಮರದ ಮೇಲೆ ಕೂತಿದ್ದ ಸುಣ್ಣದ ಪೊರೆ ಉಳಿದಿದೆ.

ಸುಣ್ಣಕಲ್ಲಿನ ಬೆಟ್ಟದಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ ಕರಗಿರುತ್ತದೆ. ನೀರು ಚಿಮ್ಮಿ ಚದುರಿದಾಗ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಮುಟ್ಟಿದ ಜಾಗದಲ್ಲಿ ಕೂರುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪೊರೆಯೂ ಇದೇ ವಸ್ತು, ಅಲ್ಲಿ ಬಿಸಿಯಿಂದ ಬೇಗ ಕೂರುತ್ತದೆ ಅಷ್ಟೆ. ಗಿರಣಿಯಲ್ಲಿ ಗಾಲಿಯ ಹಲಗೆ, ದಂಬೆ, ಗುಂಡಿಯ ಗೋಡೆ ಎಲ್ಲದರ ಮೇಲೂ ಇದು ವರ್ಷವರ್ಷ ಪದರವಾಗಿ ಬೆಳೆಯಿತು. ಮರ ಹೋದ ಮೇಲೆ ಪೊರೆಯ ಒಳಮೈಯಲ್ಲಿ ಮರದ ನಾರಿನ ಗುರುತು ಅಚ್ಚೊತ್ತಿದಂತೆ ಉಳಿದುಕೊಂಡಿದೆ. ಬೆನ್ವಾ ಅವರ ಉತ್ಖನನದ ಇಂಥ 142 ಚೂರುಗಳು ಆರ್ಲ್ ಸಂಗ್ರಹಾಲಯದ ಉಗ್ರಾಣದಲ್ಲಿದ್ದವು.

ಜರ್ಮನಿಯ ಮೈಂಟ್ಸ್ ವಿಶ್ವವಿದ್ಯಾಲಯದ ಗುಲ್ ಸುರ್ಮೆಲಿಹಿಂದಿ, ಕೇಸ್ ಪಾಸ್ಖಿಯರ್ ಮತ್ತು ಸಂಗಡಿಗರು ಈ ಚೂರುಗಳನ್ನು ಕತ್ತರಿಸಿ ಪದರ ಓದಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ: ಒಂದು, ಮರದ ಭಾಗಗಳನ್ನು 3ರಿಂದ 10 ವರ್ಷಕ್ಕೊಮ್ಮೆ ಬದಲಿಸುತ್ತಿದ್ದರು. ಎರಡು, ಪ್ರತಿ ವರ್ಷ ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ ಪದರ ಬೆಳೆದೇ ಇಲ್ಲ, ಅಂದರೆ ಗಾಲಿಯ ಮೇಲೆ ನೀರು ಬಿದ್ದಿಲ್ಲ. ಆಮ್ಲಜನಕದ ಐಸೊಟೋಪುಗಳ (ಒಂದೇ ಧಾತುವಿನ ಹಗುರ, ಭಾರದ ಪರಮಾಣುಗಳ) ಅನುಪಾತ ನೀರಿನ ಉಷ್ಣತೆಯ ಜೊತೆ ಏರಿಳಿಯುವುದರಿಂದ ಯಾವ ಋತು ಎಂದು ಹೇಳಲು ಬರುತ್ತದೆ. 2020ರಲ್ಲಿ ಅದೇ ತಂಡ ಇನ್ನೊಂದನ್ನು ತೋರಿಸಿತು: ದಂಬೆ ಉದ್ದಕ್ಕೂ ನೇರವಾಗಿರಲಿಲ್ಲ, ಮೊಣಕೈಯಂತೆ ಬಾಗಿತ್ತು. ನೀರ್ಗಾಲಿಯ ದಂಬೆ ಸಾಮಾನ್ಯವಾಗಿ ನೇರವಾಗಿರುತ್ತದೆ. ಇದು ಈ ಇಳಿಜಾರಿನ ಸಣ್ಣ ಗುಂಡಿಗಳಿಗೆ ಹೊಂದಿಸಿಕೊಂಡ ಏರ್ಪಾಡು.

ಕಟ್ಟೆಪುರಾಣ

ಅಲ್ಲ ಮಾರಾಯ್ರೆ, ‘ಇದು ಹಡಗಿನ ಬಿಸ್ಕತ್ತಿನ ಕಾರ್ಖಾನೆ’ ಅಂತ ಎಲ್ಲ ಕಡೆ ಹರಡಿದೆಯಲ್ಲ, ಅದು ಈ ಪದರದಿಂದ ಹುಟ್ಟಿದ್ದಾ?

ಪದರಶಿಲೆ

ಹೌದು. ವಾದ ಹೀಗೆ: ಪಟ್ಟಣಕ್ಕೆ ವರ್ಷವಿಡೀ ಹಿಟ್ಟು ಬೇಕು, ಬೀಸಿದ ಹಿಟ್ಟು ಹೆಚ್ಚು ಕಾಲ ಇಟ್ಟರೆ ಕೆಡುತ್ತದೆ. ಹಾಗಾಗಿ ಆರ್ಲ್ ಜನರಿಗಾಗಿಯೇ ಇದ್ದ ಗಿರಣಿ ಪ್ರತಿ ವರ್ಷ ತಿಂಗಳುಗಟ್ಟಲೆ ನಿಲ್ಲಬಾರದು. ಮೆಡಿಟರೇನಿಯನ್‌ನಲ್ಲಿ ಹಡಗುಗಳು ಚಳಿಗಾಲದಲ್ಲಿ ಸಮುದ್ರಕ್ಕೆ ಇಳಿಯುತ್ತಿರಲಿಲ್ಲ. ಎರಡು ಸಲ ಸುಟ್ಟು ಒಣಗಿಸಿದ ರೊಟ್ಟಿಗೆ ಬೇಡಿಕೆ ಇರುವುದು ಯಾನದ ಋತುವಿಗೆ ಸ್ವಲ್ಪ ಮೊದಲು ಮತ್ತು ಆ ಋತುವಿನಲ್ಲಿ. ಆರ್ಲ್ ಮತ್ತು ಫೋಸ್ ಎರಡೂ ಬಂದರುಗಳು. ಈ ಮೂರನ್ನು ಕೂಡಿಸಿದರೆ ಬಿಸ್ಕತ್ತು ಬರುತ್ತದೆ.

ಕಟ್ಟೆಪುರಾಣ

ಬೇಸಿಗೆಯ ಕೊನೆಗೆ ಬುಗ್ಗೆ ಬತ್ತಿರಲೂಬಹುದಲ್ಲ? ಆ ಸೀಮೆಯಲ್ಲಿ ಜುಲೈ, ಆಗಸ್ಟಿನಲ್ಲಿ ಮಳೆಯೇ ಇಲ್ಲ. ನಮ್ಮ ಕಡೆ ಏಪ್ರಿಲ್‌ನಲ್ಲಿ ತೋಡು ಒಣಗಿದರೆ ತೋಟಕ್ಕೆ ನೀರಿಲ್ಲ ಅಂತೇವೆ, ವ್ಯಾಪಾರದ ತಂತ್ರ ಅನ್ನೋದಿಲ್ಲ.

ಪದರಶಿಲೆ

ಆಕ್ಷೇಪ ಸರಿಯಾದದ್ದೇ. ಅದನ್ನು ತೂಗುವ ದಾರಿಯೂ ಇದೆ: ಗಾಲಿಯ ಪೊರೆ ಒಂದನ್ನೇ ನೋಡದೆ ಮೇಲಿನ ಕಾಲುವೆಯ ಪೊರೆಯನ್ನೂ ಪಕ್ಕದಲ್ಲಿಟ್ಟು ಓದಬೇಕು. ಬುಗ್ಗೆ ಬತ್ತಿದ್ದರೆ ಎರಡರಲ್ಲೂ ಅದೇ ಋತು ಕಾಣೆಯಾಗಿರಬೇಕು, ತೂಬು ಹಾಕಿದ್ದರೆ ಗಾಲಿಯಲ್ಲಿ ಮಾತ್ರ. ನೀರು ಕಡಿಮೆಯಾದ ತಿಂಗಳಲ್ಲಿ ಇದ್ದಷ್ಟನ್ನು ಪಟ್ಟಣಕ್ಕೇ ಬಿಟ್ಟು ಗಿರಣಿಗೆ ತೂಬು ಹಾಕುವುದೂ ಸಾಧ್ಯ. ಓದುವವರು ಎರಡು ಮಾತನ್ನು ಬೇರೆಬೇರೆ ಇಟ್ಟುಕೊಂಡರೆ ಸಾಕು. ವರ್ಷಕ್ಕೊಮ್ಮೆ ಗಾಲಿ ನಿಲ್ಲುತ್ತಿತ್ತು ಎಂಬುದು ಕಲ್ಲಿನಲ್ಲಿದೆ. ಬಿಸ್ಕತ್ತು ಕಲ್ಲಿನಲ್ಲಿಲ್ಲ, ಅದು ಕಲ್ಲಿನಿಂದ ಮಾಡಿದ ಊಹೆ. ಊಹೆ ಚೆನ್ನಾಗಿಯೇ ಇದೆ.

ಬೀಸುಕಲ್ಲು

ರಿಪೇರಿನೂ ಕೂಡಿಸ್ರಿ. ವರ್ಷಕ್ಕೊಮ್ಮೆ ಹೆಂಗೂ ನಿಲ್ಲಿಸಬೇಕು ಅಂದ್ರ ನೀರು ಕಡಿಮಿ ಇರೂ ಕಾಲದಾಗ ನಿಲ್ಲಿಸೂದು ಯಾವ ಗಿರಣಿಯವನಿಗೂ ಹೊಳಿಯೂ ಮಾತು.

ಗಾರೆಕೆಲಸ

ರಿಪೇರಿ ಅಂದಿರಲ್ಲ, ಏನೇನು ಹಾಳಾಗುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮರದ ಗಾಲಿ ಪೂರ್ತಿ ನೀರೊಳಗೇ ಇದ್ದರೆ ಬೇಗ ಕೊಳೆಯಲ್ಲ, ಪೂರ್ತಿ ಒಣಗಿದ್ದರೂ ಕೊಳೆಯಲ್ಲ. ನೆನೆದು ಒಣಗಿ ನೆನೆದು ಒಣಗೋದು ಅದಕ್ಕೆ ಶತ್ರು. ಹಾಗಾಗಿ ನಿಲ್ಲಿಸಿದ ತಿಂಗಳುಗಳೇ ಗಾಲಿಗೆ ಹೆಚ್ಚು ಕಷ್ಟ: ಹಲಗೆ ಸೀಳುತ್ತೆ, ಸಂದು ಬಿಡುತ್ತೆ, ಮತ್ತೆ ನೀರು ಬಿಟ್ಟ ಮೊದಲ ದಿನಗಳಲ್ಲಿ ಸೋರುತ್ತೆ. ಸುಣ್ಣದ ಪೊರೆ ಇನ್ನೊಂದು ಕಾಟ. ಅದು ಗಾಲಿಯ ಸುತ್ತ ಒಂದೇ ಸಮ ಕೂರೋದಿಲ್ಲ, ಒಂದು ಕಡೆ ಭಾರ ಹೆಚ್ಚಾಗಿ ಗಾಲಿ ಎಳೆದೆಳೆದು ತಿರುಗುತ್ತೆ, ಅಚ್ಚು ಸವೆಯುತ್ತೆ. ದಂಬೆಯ ಒಳಗೆ ಬೆಳೆದರೆ ನೀರಿನ ದಾರಿ ಕಿರಿದಾಗಿ ಪಕ್ಕಕ್ಕೆ ಚೆಲ್ಲುತ್ತೆ. 3ರಿಂದ 10 ವರ್ಷ ಅನ್ನೋ ಬಾಳಿಕೆ ಈ ಲೆಕ್ಕದಲ್ಲಿ ನೋಡಿದ್ರೆ ಸಹಜ.

ಕಲ್ಲುಕೆಲಸದ ವಿಷಯ: ರೋಮನ್ನರು ನೀರು ನಿಲ್ಲುವ, ಹರಿಯುವ ಜಾಗಕ್ಕೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆ ಬಳಿಯುತ್ತಿದ್ದರು. ನಮ್ಮ ಕನ್ನಂಬಾಡಿ ಕಟ್ಟೆಗೆ ಹಾಕಿದ ಸುರ್ಕಿ ಗಾರೆಯ ಜಾತಿಯೇ. ಬರೀ ಸುಣ್ಣದ ಗಾರೆ ಗಟ್ಟಿಯಾಗೋಕೆ ಗಾಳಿ ಬೇಕು, ಸುಟ್ಟ ಮಣ್ಣಿನ ಪುಡಿ ಸೇರಿದರೆ ಒದ್ದೆಯಲ್ಲೂ ಗಟ್ಟಿಯಾಗುತ್ತೆ. ಬಣ್ಣ ತೆಳು ಗುಲಾಬಿ, ಒಳಗೆ ಕೆಂಪು ಚೂರುಗಳು. ಕಾಲುವೆಯ ಒಳಮೈಯಲ್ಲಿ ಇದನ್ನೂ ಅದರ ಮೇಲೆ ಕೂತ ಸುಣ್ಣದ ಪೊರೆಯನ್ನೂ ಬೇರೆ ಮಾಡಿ ನೋಡೋದು ಕಲಿಯಿರಿ. ಗಾರೆಯಲ್ಲಿ ಕೆಂಪು ಕಾಳು ಇರುತ್ತೆ, ಪೊರೆಯಲ್ಲಿ ಕಾಳಿಲ್ಲ, ಅಂಚಿನಿಂದ ನೋಡಿದರೆ ಸಣ್ಣ ಸಣ್ಣ ಗೆರೆಗಳು ಕಾಣ್ತವೆ.

ಚೂರು ಕಿತ್ತು ತರಬೇಡಿ. ಫ್ರಾನ್ಸಿನಲ್ಲಿ ಪುರಾತತ್ವ ಸ್ಥಳ ಹಾಳು ಮಾಡೋದು ಅಪರಾಧ. ಹಳೇ ವಸ್ತು ಹುಡುಕೋಕೆ ಲೋಹಶೋಧಕ ಬಳಸಬೇಕಾದ್ರೂ ಸರ್ಕಾರದ ಅನುಮತಿ ಬೇಕು.

ಉಳಿಸುತ್ತಿಗೆ

ಇದನ್ನ ಕಟ್ಟಿದ ಎಂಜಿನಿಯರ್ ಹೆಸರು ಕ್ಯಾಂಡಿಡಿಯಸ್ ಬೆನಿಗ್ನಸ್ ಅಂತೆ, ನಿಜವಾ?

ಪದರಶಿಲೆ

ಆ ಹೆಸರಿನ ಕಲ್ಲಿನ ಶವಪೆಟ್ಟಿಗೆ ಆರ್ಲ್‌ನಲ್ಲಿ ಸಿಕ್ಕಿದ್ದು ನಿಜ. ಬಡಗಿಗಳ ಸಂಘಕ್ಕೆ ಸೇರಿದವನು, ನೀರನ್ನು ನಡೆಸುವ ವಿದ್ಯೆಯಲ್ಲಿ ಜಾಣ ಎಂದು ಅದರ ಶಾಸನ ಹೊಗಳುತ್ತದೆ. ಬಾರ್ಬೆಗಾಲ್ ಹೆಸರು ಅದರಲ್ಲಿಲ್ಲ. ಉಳಿದದ್ದು ಜನ ಕೂಡಿಸಿದ್ದು.

ದಾರಿಬುತ್ತಿ

ಮೂರನೇ ಪ್ರಶ್ನೆಗೆ. ಅರ್ಧ ದಿನ ಧಾರಾಳ ಸಾಕು.

ಮೊದಲು ಮ್ಯಾಪ್. ಫೊಂವಿಯೆಯ್ ಅಂತ ಹುಡುಕಿದರೆ ಮೊನಾಕೊದ ಅದೇ ಹೆಸರಿನ ಬಡಾವಣೆಯೂ ಬರುತ್ತೆ, ಕೊಠಡಿ ಬುಕ್ ಮಾಡುವಾಗ ಎಚ್ಚರ. ಪಿನ್‌ಕೋಡ್ 13990 ಹಾಕಿ. ಹಳ್ಳಿಗೆ ಬಂದು ‘ಗಿರಣಿ ಎಲ್ಲಿ’ ಅಂತ ಕೇಳಿದರೆ ಗುಡ್ಡದ ಮೇಲಿನ ಗಾಳಿಗಿರಣಿಗೆ ಕಳಿಸ್ತಾರೆ. ಅದು 1814ರದ್ದು, ಲೇಖಕ ಅಲ್ಫೋನ್ಸ್ ದೊದೆಯ ಹೆಸರಿನಲ್ಲಿ ಪ್ರಸಿದ್ಧ, ಪ್ರವಾಸಿ ಬಸ್ಸುಗಳು ಬರೋದೂ ಅದಕ್ಕೇ. ನೀವು ಕೇಳಬೇಕಾದ್ದು ‘ಆಕ್ವೆದ್ಯುಕ್ ದ ಬಾರ್ಬೆಗಾಲ್’.

ಆರ್ಲ್‌ನಿಂದ ಡಿ17 ರಸ್ತೆ. ದಾರಿಯಲ್ಲಿ ಮೊಂಮಜೂರ್ ಮಠ ಸಿಗುತ್ತೆ. ಅದು ನಿಂತಿರೋ ಬಂಡೆ ಹಿಂದೆ ಜೌಗಿನ ನಡುವಿನ ದ್ವೀಪವಾಗಿತ್ತು. ಗಿರಣಿಯ ಕೆಳಗಿನ ಬಯಲೂ ಆಗ ಹಾಗೇ ಜೌಗು ನೆಲ ಅನ್ನೋದನ್ನ ಕಣ್ಣಮುಂದೆ ತಂದುಕೊಳ್ಳೋಕೆ ಇಲ್ಲಿ ಐದು ನಿಮಿಷ ನಿಂತರೆ ಲಾಭ. ಫೊಂವಿಯೆಯ್ ತಲುಪಿದ ಮೇಲೆ ದಕ್ಷಿಣಕ್ಕೆ ಡಿ33, ಆಮೇಲೆ ಡಿ82. ಕಮಾನಿನ ಕಂಬಗಳು ಡಿ82 ರಸ್ತೆಯನ್ನ ದಾಟುವಲ್ಲಿ ಗಾಡಿ ನಿಲ್ಲಿಸೋ ಜಾಗ ಇದೆ. ಟಿಕೆಟ್ ಇಲ್ಲ, ಗೇಟ್ ಇಲ್ಲ. ಶೌಚಾಲಯ, ಕುಡಿಯುವ ನೀರು, ನೆರಳು, ಅಂಗಡಿ ಯಾವುದೂ ಇಲ್ಲ. ಅಲ್ಲಿಂದ ಕಾಲುವೆ ಹಿಡಿದು ದಕ್ಷಿಣಕ್ಕೆ ಕೆಲವು ನಿಮಿಷದ ನಡಿಗೆ, ಬಂಡೆಯ ಸಂದಿ, ಆಚೆಗೆ ಗಿರಣಿ.

ಹೆಚ್ಚಿನವರು ಮಾಡೋ ತಪ್ಪು ಒಂದೇ. ಕಂಬಗಳ ಮುಂದೆ ಫೋಟೊ ತೆಗೆದು ‘ಮುಗೀತು’ ಅಂತ ವಾಪಸ್ ಹೋಗ್ತಾರೆ. ಗಿರಣಿ ರಸ್ತೆಯಿಂದ ಕಾಣೋದೇ ಇಲ್ಲ, ಸಂದಿ ದಾಟಬೇಕು. ಸಂದಿಯ ಬಾಯಲ್ಲಿ ತಡೆಬೇಲಿ ಇಲ್ಲ, ಕಲ್ಲು ಸವೆದು ನುಣುಪಾಗಿದೆ, ಮಳೆ ಬಂದ ದಿನ ಜಾರುತ್ತೆ. ಚಪ್ಪಲಿ ಬೇಡ.

ಕಾರಿಲ್ಲದಿದ್ದರೆ ಆರ್ಲ್‌ನಿಂದ ಫೊಂವಿಯೆಯ್‌ಗೆ ಬಸ್ ಇದೆ, ಆದರೆ ಹಳ್ಳಿಯಿಂದ ಮುಂದಕ್ಕೆ ನಡೆಯಬೇಕು. ಸೈಕಲ್ ವಾಸಿ. ಮಿಸ್ತ್ರಾಲ್ ಗಾಳಿ ಬೀಸುವ ದಿನ ಮಾತ್ರ ಬೇಡ, ಉತ್ತರದಿಂದ ಬಂದು ಪಕ್ಕಕ್ಕೆ ಹೊಡೆಯುತ್ತೆ.

ಸಂಗ್ರಹಾಲಯ ಆರ್ಲ್‌ನಲ್ಲಿ, ಮಂಗಳವಾರ ರಜೆ. ಬೀಸುಕಲ್ಲು ಅವರು ಹೇಳಿದ ಮಾದರಿ ಅಲ್ಲಿದೆ. ಅದನ್ನ ಮೊದಲು ನೋಡಿ ಆಮೇಲೆ ಸ್ಥಳಕ್ಕೆ ಹೋಗಿ, ಉಲ್ಟಾ ಮಾಡಬೇಡಿ. ರೋನ್ ನದಿಯಿಂದ 2011ರಲ್ಲಿ ಎತ್ತಿದ 31 ಮೀಟರ್ ಉದ್ದದ ರೋಮನ್ ಸರಕು ದೋಣಿಯೂ ಅದೇ ಕಟ್ಟಡದಲ್ಲಿದೆ. ಹಿಟ್ಟು, ಧಾನ್ಯ ಅಂತ ಇಷ್ಟೆಲ್ಲ ಮಾತಾಡಿದ ಮೇಲೆ ಸರಕು ಹೇಗೆ ಸಾಗ್ತಿತ್ತು ಅಂತ ನೋಡದೆ ಬರೋದು ಸರಿಯಲ್ಲ.

ಹಳೇದಾರಿ

ಬಹಳ ಉಪಕಾರವಾಯ್ತು. ಆಗಸ್ಟ್‌ನಲ್ಲಿ ಹೋದರೆ ತೊಂದರೆ ಇದೆಯಾ? ಜೊತೆಗೆ ವಯಸ್ಸಾದವರೂ ಇದ್ದರೆ?

ದಾರಿಬುತ್ತಿ

ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಆ ಜಿಲ್ಲೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಬೆಟ್ಟಪ್ರದೇಶಗಳ ಪ್ರವೇಶಕ್ಕೆ ನಿಯಂತ್ರಣ ಇರುತ್ತೆ, ಆಲ್ಪೀಯ್ ಸಹ ಸೇರಿದೆ. ಮರುದಿನದ ಸ್ಥಿತಿಯನ್ನ ಜಿಲ್ಲಾಡಳಿತ ಹಿಂದಿನ ಸಂಜೆ ಬಣ್ಣದ ನಕ್ಷೆಯಲ್ಲಿ ಹಾಕುತ್ತೆ. ಕೆಂಪು ಬಿದ್ದಿರೋ ದಿನ ಹೊರಡಬೇಡಿ. ಬೆಳಗ್ಗೆ 9ರ ಒಳಗೆ ಮುಗಿಸಿದರೆ ಬಿಸಿಲು ತಡೆಯಬಹುದು, ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿರೋದರಿಂದ ಆಮೇಲೆ ಕಾವಲಿ ಆಗಿಬಿಡುತ್ತೆ.

ವಯಸ್ಸಾದವರಿಗೆ ಕಂಬಗಳವರೆಗೆ ಕಷ್ಟವಿಲ್ಲ, ಸಮತಟ್ಟು. ಸಂದಿಯೊಳಗೆ ಉಬ್ಬುತಗ್ಗು, ಒಬ್ಬರು ಕೈ ಹಿಡಿದುಕೊಂಡರೆ ಆಚೆ ತುದಿಯವರೆಗೆ ಹೋಗಿ ಮೇಲಿನಿಂದ ಎರಡೂ ಸಾಲು ನೋಡಬಹುದು. ಕೆಳಗೆ ಇಳಿಸಬೇಡಿ, ಹತ್ತಿಸೋದು ಕಷ್ಟ.

ನೀರುಗಂಟಿ

ಮೇಲಿನಿಂದ ನೋಡುವವರಿಗೆ ಇನ್ನೊಂದು ಗುರುತು: ನಡುವಿನ ಮೆಟ್ಟಿಲ ದಾರಿಯನ್ನು ಮೊದಲು ಹುಡುಕಿ. ಅದು ಸಿಕ್ಕರೆ ಎಡಬಲದ ಗುಂಡಿಗಳನ್ನು ಎಣಿಸಿಕೊಳ್ಳಬಹುದು. ಕೆಳಗಿನವು ಮಣ್ಣು, ಗಿಡಗಂಟಿಯಲ್ಲಿ ಅಷ್ಟು ಸ್ಪಷ್ಟವಿಲ್ಲ, ಎಂಟೂ ಕಾಣಲಿಲ್ಲ ಎಂದು ಗಾಬರಿಯಾಗಬೇಡಿ.